ಹೂಳಬಾರದ ಬೆರಳು

ಬೆಳಗಿನ ಐದೂವರೆ. ಆಸ್ಪತ್ರೆಯ ಚರ್ಮರೋಗ ವಿಭಾಗದ ಹಜಾರದಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳು ಖಾಲಿ ಬಿದ್ದಿವೆ. ಗೋಡೆಯ ಬದಿಗೆ ನಾಲ್ಕಡಿ ಉದ್ದದ ಗಾಜಿನ ಮೀನಿನ ತೊಟ್ಟಿ. ಅದರ ಮುಂದೆ ಮಂಡಿಯೂರಿ ಕೂತಿರುವ ಹೆಂಗಸು ಮೊದಲು ಗೋಡೆಯ ಪ್ಲಗ್ ಕೀಳುತ್ತಾರೆ. ಕಿತ್ತದ್ದನ್ನು ಕಣ್ಣಿಗೆ ಕಾಣುವ ಹಾಗೆ ನೆಲದ ಮೇಲಿಟ್ಟು ಎರಡು ಸಲ ನೋಡುತ್ತಾರೆ. "ಕೈ ಮೊದಲು ಪ್ಲಗ್ಗಿಗೆ, ಆಮೇಲೆ ನೀರಿಗೆ. ತಿರುಗಾಮುರುಗಾ ಆದ್ರೆ ಹೇಳೋಕೆ ನಾನಿರಲ್ಲ" ಎನ್ನುತ್ತಾರೆ.

ನೀರಿಗೆ ಇಳಿಯುವುದು ಎಡಗೈ. ಬಲಗೈಗೆ ಮೊಣಕೈವರೆಗೆ ಬರುವ ರಬ್ಬರ್ ಗವಸು, ಅದು ಜಾರದಂತೆ ಮೇಲೆ ಎರಡು ರಬ್ಬರ್ ಬ್ಯಾಂಡು. ಗವಸಿನ ಒಳಗೆ ನಾಲ್ಕು ಬೆರಳು ಮಡಚುತ್ತವೆ. ತೋರುಬೆರಳು ಮಾತ್ರ ಮಡಚುವುದಿಲ್ಲ. ಯಾರನ್ನೋ ತೋರಿಸುತ್ತಿರುವ ಹಾಗೆ ನೆಟ್ಟಗೆ ನಿಂತಿದೆ.

"ಬೆಳಿಗ್ಗೆ ಬೆಳಿಗ್ಗೆ ನನ್ನನ್ನೇ ಯಾಕಕ್ಕ ತೋರಿಸ್ತೀಯ? ನಾನೇನು ಮಾಡಿದೆ?" ಎಂದು ಚೀಟಿ ಕೌಂಟರಿನ ಕಿಟಕಿ ತೆಗೆಯುತ್ತ ಕೇಳುತ್ತಾರೆ ಅಲ್ಲಿನ ಗುಮಾಸ್ತರು. ಬಾಗಿಲ ಬೀಗವೂ ಅವರ ಕೈಯಲ್ಲೇ ಇರುವುದರಿಂದ ಅವರೂ ಬೇಗ ಬರಬೇಕು.

"ಮಾಡಿದೋರು ಯಾರೋ ಗೊತ್ತಿಲ್ಲ, ಸಿಕ್ಕಿದೋರಿಗೆ ತೋರಿಸ್ತಿದೀನಿ" ಎಂದು ಈಕೆ.

ನಗು ಇಬ್ಬರಿಗೂ ಬರುತ್ತದೆ, ಆದರೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಇವತ್ತು ಸೋಮವಾರ. ಬರುವ ಗುರುವಾರ, ಇದೇ ಕಟ್ಟಡದ ಎರಡನೇ ಮಹಡಿಯಲ್ಲಿ, ಆ ಬೆರಳು ಉಳಿಯುತ್ತದೆಯೋ ಇಲ್ಲವೋ ಎಂದು ಸರ್ಜನ್ ಹೇಳಲಿದ್ದಾರೆ.

ಇವರಿಗೆ ನಲವತ್ತೇಳು ವರ್ಷ. ಕರೆಯುವುದು ಪಾಚಿಯಕ್ಕ ಎಂದು. ಗಾಜಿಗೆ ಹತ್ತುವ ಹಸಿರು ಪಾಚಿ ಉಜ್ಜಲು ಬರುವ ಅಕ್ಕ ಎಂದು ಯಾವುದೋ ಮನೆಯ ಮಗು ಇಟ್ಟ ಹೆಸರು, ಮದುವೆಯಾದ ಮೇಲೆ ಬಂದ ಹೆಸರಿನಂತೆ ಅಂಟಿಕೊಂಡಿದೆ. ಹದಿನಾರು ವರ್ಷದಿಂದ ಮನೆಮನೆಯ ಮೀನಿನ ತೊಟ್ಟಿಗಳಲ್ಲಿ ಜೀವಂತ ಗಿಡ ನೆಟ್ಟು, ಅವಕ್ಕೆ ಬೇಕಾದಷ್ಟೇ ದೀಪ ಇಟ್ಟು, ವಾರಕ್ಕೊಮ್ಮೆ ಹೋಗಿ ನೋಡಿಕೊಳ್ಳುವುದು ಕೆಲಸ. ಪ್ಲಾಸ್ಟಿಕ್ ಗಿಡ ಮುಟ್ಟುವುದಿಲ್ಲ. "ಸತ್ತದ್ದಕ್ಕೆ ಸ್ನಾನ ಮಾಡಿಸೋಕೆ ನಾನ್ಯಾಕೆ?"

ಹೋದ ವರ್ಷದವರೆಗೆ ಹದಿನಾಲ್ಕು ತೊಟ್ಟಿ ಇದ್ದವು. ಈಗ ಒಂಬತ್ತು. ಬೆರಳಿನ ಸುದ್ದಿ ಹಬ್ಬಿದ ಮೇಲೆ ಐದು ಮನೆಯವರು "ಇನ್ನು ನಾವೇ ನೋಡ್ಕೋತೀವಿ" ಎಂದರು. ನೋಡಿಕೊಳ್ಳುವುದಿಲ್ಲ ಎಂದು ಪಾಚಿಯಕ್ಕನಿಗೆ ಗೊತ್ತು. ಆ ಐದು ತೊಟ್ಟಿಯ ಗಿಡಗಳ ಲೆಕ್ಕ ಒಪ್ಪಿಸುವಾಗ, ಊರು ಬಿಟ್ಟು ಹೋದ ನೆಂಟರನ್ನು ನೆನೆಸಿಕೊಂಡ ಹಾಗೆ ಒಂದೊಂದರ ಹೆಸರು ಹೇಳುತ್ತಾರೆ.

ಹೆಸರುಗಳೂ ಬೇರೆಯೇ. ಪುಸ್ತಕದವರು ಜಾವಾ ಫರ್ನ್, ಅನುಬಿಯಾಸ್ ಎಂದು ಕರೆಯುವ ಎರಡಕ್ಕೂ ಇವರು ಹೇಳುವುದು 'ಬೆರಳು ಗಿಡ'. ಅದರ ಬುಡದಲ್ಲಿ ದಪ್ಪನೆಯ ಅಡ್ಡ ಕಾಂಡವೊಂದು ಮಲಗಿರುತ್ತದೆ, ಥೇಟ್ ಬೆರಳಿನ ಹಾಗೆ, ಗೆಣ್ಣು ಗೆಣ್ಣಾಗಿ. ಮೇಲಿಂದ ಎಲೆ, ಕೆಳಗಿಂದ ಬೇರು. ಕ್ರಿಪ್ಟ್ ಎಂಬುದು 'ಮುನಿಸುಗಿತ್ತಿ', ಜಾಗ ಬದಲಿಸಿದರೆ ಸಾಕು, ಇದ್ದ ಎಲೆಯನ್ನೆಲ್ಲ ಕರಗಿಸಿಕೊಂಡು ಕೂರುತ್ತದೆ. ಸತ್ತಿತೆಂದು ಜನ ಕಿತ್ತೆಸೆಯುತ್ತಾರೆ. ಮೂರು ವಾರ ಸುಮ್ಮನಿದ್ದರೆ ಬೇರಿನಿಂದ ಹೊಸ ಎಲೆ ಬರುತ್ತದೆ. "ಮುನಿಸುಗಿತ್ತೀನ ಸಮಾಧಾನ ಮಾಡೋಕೆ ಹೋಗ್ಬಾರದು. ಅತ್ತು ಮುಗಿಸ್ಲಿ ಅಂತ ಬಿಡ್ಬೇಕು."

ಹೊಸದಾಗಿ ತೊಟ್ಟಿ ಇಡುವವರಿಗೆಲ್ಲ ಈ ಎರಡನ್ನೇ ಕೊಡುತ್ತಾರೆ, ಜೊತೆಗೆ ಹಿಂದಿನ ಗಾಜಿಗೆ ಒಂದು ಸಾಲು ರಿಬ್ಬನ್ನಿನಂಥ ಹುಲ್ಲು. ಕಡಿಮೆ ಬೆಳಕಲ್ಲಿ ಬದುಕುವ, ಯಜಮಾನರ ಮರೆವನ್ನು ಸಹಿಸುವ ಗಿಡಗಳು. ಆದರೂ ಬೆರಳು ಗಿಡವನ್ನು ಒಂದೇ ತಪ್ಪಿನಿಂದ ಕೊಲ್ಲಬಹುದು. ಗಿಡ ಅಂದಮೇಲೆ ನೆಡಬೇಕು ಎಂದುಕೊಂಡು ಜನ ಆ ಬೆರಳನ್ನು ಜಲ್ಲಿಯಲ್ಲಿ ಹೂತುಬಿಡುತ್ತಾರೆ. ಉಸಿರುಗಟ್ಟಿ ಕೊಳೆಯುತ್ತದೆ. ಹೂಳದೆ, ಕಲ್ಲಿಗೋ ಕೊರಡಿಗೋ ಹತ್ತಿ ದಾರದಿಂದ ಕಟ್ಟಿ ಬಿಡಬೇಕು. ಎರಡು ತಿಂಗಳಲ್ಲಿ ಬೇರು ಕಲ್ಲನ್ನು ಹಿಡಿಯುತ್ತದೆ, ಅಷ್ಟರಲ್ಲಿ ದಾರ ತಾನೇ ನವೆದು ಹೋಗುತ್ತದೆ.

"ಬೆರಳು ಹೂಳ್ಬೇಡಿ." ಹದಿನಾರು ವರ್ಷದಲ್ಲಿ ಪಾಚಿಯಕ್ಕ ಎಷ್ಟು ಸಲ ಈ ಮಾತು ಹೇಳಿದ್ದಾರೋ ಲೆಕ್ಕವಿಲ್ಲ.

ದಾರದಿಂದಲೇ ಅವರು ಈ ಕಸುಬಿಗೆ ಬಂದದ್ದು. ಗಂಡ ದರ್ಜಿ. ಆಗ ಅವರಿಗೊಂದು ಪುಟ್ಟ ಅಂಗಡಿ ಇತ್ತು, ಹೆಂಡತಿ ಅಲ್ಲಿ ಕೂತು ಗುಂಡಿ ಹಚ್ಚುವುದು, ಅಂಚು ಹೊಲಿಯುವುದು ಮಾಡುತ್ತಿದ್ದರು. ಪಕ್ಕದಲ್ಲಿ ಬಣ್ಣದ ಮೀನು ಮಾರುವ ಮುದುಕರ ಅಂಗಡಿ. ಗಿಡ ಕಟ್ಟಲು ಆ ಅಜ್ಜ ದಿನಾ ತುಂಡು ದಾರ ಕೇಳಿಕೊಂಡು ಬರುತ್ತಿದ್ದರು. ಕಣ್ಣು ಮಂಜು, ಕೈ ನಡುಕ. ಒಂದು ದಿನ ನೋಡಲಾರದೆ ಇವರೇ ಕಟ್ಟಿಕೊಟ್ಟರು. ನೀರಿನೊಳಗೆ ಒದ್ದೆ ದಾರದಲ್ಲಿ ಜಾರದ ಗಂಟು ಹಾಕುವುದು ಎಲ್ಲರಿಗೂ ಬರುವುದಿಲ್ಲ. "ನಿನ್ನ ಬೆರಳಲ್ಲಿ ಕಣ್ಣಿದೆಯಲ್ಲೇ ಮಗಳೇ" ಎಂದರಂತೆ ಅಜ್ಜ. ಬೆರಳು ಗಿಡ ಎಂಬ ಹೆಸರು ಕೊಟ್ಟವರೂ ಅವರೇ. ಅಜ್ಜ ತೀರಿಕೊಂಡು ಅಂಗಡಿ ಮುಚ್ಚಿದಾಗ, ಅವರು ನೋಡಿಕೊಳ್ಳುತ್ತಿದ್ದ ಮನೆಗಳಿಗೆ ಹೋಗುವವರು ಯಾರೂ ಇರಲಿಲ್ಲ. ಈಕೆ ಹೊರಟರು.

ದರ್ಜಿಯ ಅಂಗಡಿಯೂ ಈಗಿಲ್ಲ. ಹೊಲಿಗೆ ಮಿಷನ್ನು ಮನೆಯ ಕಿಟಕಿಯ ಕೆಳಗೆ ಬಂದು ಕೂತಿದೆ. ಒಂದೂವರೆ ಕೋಣೆಯ ಮನೆ. ಮಿಷನ್ನಿನ ಪಕ್ಕಕ್ಕೆ ನಾಲ್ಕು ಪ್ಲಾಸ್ಟಿಕ್ ಟಬ್ಬುಗಳಲ್ಲಿ ಮರಿ ಗಿಡಗಳು. ಎರಡಕ್ಕೂ ಸೇರಿ ಒಂದೇ ದೀಪ, ಬಟ್ಟೆಯ ಮೇಲೆ ಅರ್ಧ, ನೀರಿನ ಮೇಲೆ ಅರ್ಧ ಬೀಳುವ ಹಾಗೆ ತಂತಿಯಿಂದ ಕಟ್ಟಿದ್ದಾರೆ. ಹಾಗಾಗಿ ದರ್ಜಿ ಎಷ್ಟು ಹೊತ್ತು ಹೊಲಿಯುತ್ತಾರೋ ಗಿಡಗಳಿಗೆ ಅಷ್ಟೇ ಹಗಲು. ಸಾಮಾನ್ಯ ದಿನ ಎಂಟು ಗಂಟೆ, ಅದು ಗಿಡಕ್ಕೂ ಸರಿಯಾದ ಅಳತೆ. ಶಾಲೆಗಳು ಶುರುವಾಗುವ ತಿಂಗಳಲ್ಲಿ ಸಮವಸ್ತ್ರದ ರಾಶಿ ಬಂದಾಗ ದೀಪ ಹದಿನಾಲ್ಕು ಗಂಟೆ ಉರಿಯುತ್ತದೆ.

"ಅವರಿಗೆ ಕೆಲಸ ಜಾಸ್ತಿ ಆದ್ರೆ ನನಗೆ ಪಾಚಿ ಜಾಸ್ತಿ."

"ಅದಕ್ಕೇ ನಾನು ಜಾಸ್ತಿ ದುಡಿಯಲ್ಲ ನೋಡಿ, ಇವಳ ಗಿಡಕ್ಕೆ ತೊಂದರೆ ಆಗ್ಬಾರದು ಅಂತ" ಎನ್ನುತ್ತಾರೆ ದರ್ಜಿ, ಹಲ್ಲಲ್ಲಿ ದಾರ ಕಡಿಯುತ್ತ.

ಬೆಳಕಿನ ವಿಷಯದಲ್ಲಿ ಪಾಚಿಯಕ್ಕ ಬಲು ಬಿಗಿ. ಮಂಗಳವಾರ ಅವರು ಹೋಗುವುದು ಮೂರನೇ ಮಹಡಿಯಲ್ಲಿರುವ ಒಬ್ಬ ನಿವೃತ್ತ ಟೀಚರಮ್ಮನ ಮನೆಗೆ. ಲಿಫ್ಟ್ ಇಲ್ಲ. ತೊಟ್ಟಿಯ ನೀರು ಪಚ್ಚೆ ಶಾಯಿ ಕದಡಿದ ಹಾಗಿದೆ. ಮೀನು ಎಲ್ಲಿವೆ ಎಂದು ಹುಡುಕಬೇಕು.

"ದೀಪ ಎಷ್ಟು ಹೊತ್ತು ಹಾಕ್ತೀರಿ ಟೀಚರ್?"

"ಎಷ್ಟು ಹೊತ್ತು ಅಂದ್ರೆ, ಎದ್ದಾಗ ಹಾಕ್ತೀನಿ, ಮಲಗೋವಾಗ ಆರಿಸ್ತೀನಿ. ಪಾಪ, ಕತ್ತಲಲ್ಲಿ ಯಾಕಿರ್ಬೇಕು ಅವು?"

"ನಿಮ್ಮನ್ನ ಹದಿನಾರು ಗಂಟೆ ಕ್ಲಾಸಲ್ಲಿ ಕೂರಿಸಿದ್ರೆ ಹೆಂಗಿರುತ್ತೆ?"

"ನಾನು ಕೂರಿಸ್ತಿದ್ದೋಳು ಕಣಮ್ಮಾ, ಕೂರ್ತಿದ್ದೋಳಲ್ಲ."

"ಕೂತಿದ್ದೋರನ್ನ ಕೇಳಿ ಹಂಗಾದ್ರೆ. ಗಿಡಕ್ಕೆ ಏಳೆಂಟು ಗಂಟೆ ಸಾಕು. ಅದು ತಿಂದು ಮಿಗಿಸಿದ ಬೆಳಕನ್ನ ಪಾಚಿ ತಿನ್ನುತ್ತೆ. ನೀವು ಸಾಕ್ತಿರೋದು ಗಿಡಾನಲ್ಲ, ಪಾಚೀನ."

ಕಿಟಕಿಯ ಬಿಸಿಲು ತಾಕದ ಗೋಡೆಗೆ ತೊಟ್ಟಿ ಸರಿಸಬೇಕು, ಗಂಟೆ ನೋಡಿ ತಾನೇ ಆರುವ ಟೈಮರ್ ಸ್ವಿಚ್ ಒಂದನ್ನು ಹಾಕಬೇಕು ಎಂದು ಹೇಳಿ, ಕೊನೆಗೆ ತಮ್ಮ ಪರೀಕ್ಷೆಗೆ ಇಳಿಯುತ್ತಾರೆ. ತೊಟ್ಟಿ ನೋಡಿಕೊಳ್ಳುವ ಬೇರೆ ಯಾರೂ ಇದನ್ನು ಮಾಡಿದ್ದು ಕಂಡಿಲ್ಲ. ಪರದೆ ಎಳೆದು ಕೋಣೆಯ ದೀಪವೆಲ್ಲ ಆರಿಸುತ್ತಾರೆ. ತೊಟ್ಟಿಯ ದೀಪವೊಂದೇ ಉರಿಯುತ್ತಿರಬೇಕು. ತಳದ ಜಲ್ಲಿಯ ಮಟ್ಟಕ್ಕೆ, ಹೊರಗಿನ ಗಾಜಿಗೆ ತಾಗಿಸಿ ಒಂದು ಸೂಜಿ ಹಿಡಿಯುತ್ತಾರೆ. ಆ ಬೆಳಕಲ್ಲಿ ಕಪ್ಪು ದಾರ ಪೋಣಿಸಲು ಬಂದರೆ ಸುಲಭದ ಗಿಡಗಳಿಗೆ ಅಷ್ಟು ಬೆಳಕು ಸಾಕು. ಬಟ್ಟೆಯ ಎಳೆ ಎಣಿಸುವಷ್ಟು ಕಂಡರೆ ಜಾಸ್ತಿ, ದೀಪ ಮೇಲೆತ್ತಿ ಕಟ್ಟಬೇಕು. ಸೂಜಿಯ ಕಣ್ಣೇ ಕಾಣದಿದ್ದರೆ ಕಡಿಮೆ.

ಇವತ್ತು ಅವರು ಸೂಜಿಯನ್ನು ಎಡಗೈಯಲ್ಲಿ ಹಿಡಿದು, ದಾರವನ್ನು ಬಲಗೈಯ ಹೆಬ್ಬೆರಳು ಮತ್ತು ನಡುಬೆರಳ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. ತೋರುಬೆರಳು ಅಡ್ಡ ಬರುತ್ತದೆ. ಒಂದು ಸಲ, ಎರಡು ಸಲ. ಮೂರನೇ ಸಲ ಸೂಜಿ ಕೆಳಗೆ ಬೀಳುತ್ತದೆ. ಕತ್ತಲ ಕೋಣೆಯಲ್ಲಿ ಇಬ್ಬರು ಹೆಂಗಸರು ನೆಲ ತಡವುತ್ತಾರೆ.

"ಕೊಡಮ್ಮ, ನಾನು ಪೋಣಿಸ್ತೀನಿ" ಎನ್ನುತ್ತಾರೆ ಟೀಚರಮ್ಮ. ಎಪ್ಪತ್ತರ ಕಣ್ಣಿಗೆ ದಾರ ಒಂದೇ ಸಲಕ್ಕೆ ಹೋಗುತ್ತದೆ.

"ಬೆಳಕು ಸರಿ ಇದೆ ಹಂಗಾದ್ರೆ" ಎಂದಷ್ಟೇ ಹೇಳಿ ಪಾಚಿಯಕ್ಕ ಪರದೆ ಸರಿಸುತ್ತಾರೆ. ಮೆಟ್ಟಿಲಿಳಿಯುವಾಗ ಎರಡನೇ ಮಹಡಿಯಲ್ಲಿ ಐದು ನಿಮಿಷ ಕೂರುತ್ತಾರೆ. ಕಾಲು ನೋವೇ ಎಂದರೆ, ಇಲ್ಲ ಎನ್ನುತ್ತಾರೆ.

ದಿನದ ಕೆಲಸ ಬಾಯಲ್ಲಿ ಹೇಳಿದರೆ ಹಗುರ. ತೊಟ್ಟಿಯ ಮೂರನೇ ಒಂದು ಪಾಲು ನೀರು ತೆಗೆದು ಹೊಸದು ಹಾಕಬೇಕು. ಆಸ್ಪತ್ರೆಯ ತೊಟ್ಟಿಗೆ ಅದು ಏಳು ಬಕೆಟ್. ತೆಗೆದ ಏಳು, ಹಾಕುವ ಏಳು, ಒಟ್ಟು ಹದಿನಾಲ್ಕು ಸಲ ಹಜಾರದ ಆಚೆ ತುದಿಯ ಬಚ್ಚಲಿಗೆ ನಡೆಯಬೇಕು. ನಲ್ಲಿಯ ನೀರನ್ನು ನೇರ ಹಾಕಿದರೆ ಅದಕ್ಕೆ ಬೆರೆಸಿದ ಕ್ಲೋರಿನ್ ಔಷಧಿಗೆ ಮೀನು ಸಾಯುತ್ತವೆ, ಹಿಂದಿನ ದಿನವೇ ಬಂದು ಡ್ರಮ್ಮಿಗೆ ತುಂಬಿಟ್ಟು ಹೋಗಬೇಕು. ಪೈಪಿನ ನೀರನ್ನು ಬಾಯಲ್ಲಿ ಎಳೆದು ಹರಿಸುವುದು ಈ ಕಸುಬಿನವರ ರೂಢಿ, ಎಳೆಯುವಾಗ ಗುಟುಕು ಒಳಗೆ ಹೋಗುವುದೂ ರೂಢಿಯೇ. ಜಲ್ಲಿ ಕೆದಕುವಾಗ, ಒರಟು ಕಲ್ಲು ಎತ್ತುವಾಗ, ಗಾಜಿನ ಅಂಚು ಉಜ್ಜುವಾಗ ಬೆರಳು ಗೀರದ ವಾರವೇ ಇಲ್ಲ. ಗೀರಿದರೆ ಬಾಯಲ್ಲಿಟ್ಟು ಚೀಪಿ ಮತ್ತೆ ನೀರಿಗೆ.

ಹನ್ನೊಂದು ತಿಂಗಳ ಹಿಂದೆ ಹಾಗೆಯೇ ಒಂದು ಗೀರು. ಕಲ್ಲಿನ ಚೂಪು ತಾಗಿ, ತೋರುಬೆರಳಿನ ಮಧ್ಯದ ಗೆಣ್ಣಿನ ಮೇಲೆ. ಮೂರು ವಾರದ ಮೇಲೆ ಅಲ್ಲೊಂದು ಕೆಂಪು ಗಂಟು ಎದ್ದಿತು, ಅಂಗಿಯ ಗುಂಡಿಯಷ್ಟು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ರಜೆ ಹಾಕುವವರು ಯಾರು? ಅಂಗಡಿಯ ಮುಲಾಮು ಎರಡು ತಿಂಗಳು ಹಚ್ಚಿದರು. ಆಮೇಲೆ ಬಂದದ್ದು ಇದೇ ಆಸ್ಪತ್ರೆಗೆ, ಇದೇ ವಿಭಾಗಕ್ಕೆ.

ಆ ಚೀಟಿಗಳನ್ನು ಅವರು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ಡಾಕ್ಟರ ಕೈಬರಹ ಓದಲು ತಾಳ್ಮೆ ಬೇಕು, ಆದರೆ ಓದಬಹುದು. ಮೊದಲನೆಯದರಲ್ಲಿ ನರಹುಲಿ ಎಂದಿದೆ, ಸುಟ್ಟರು. ಎರಡನೆಯದರಲ್ಲಿ ಅಲರ್ಜಿ. ಊತ ಇಳಿಸುವ ಮುಲಾಮು ಕೊಟ್ಟರು, ಇಳಿಯದಾಗ ಆ ಗಂಟಿನೊಳಕ್ಕೇ ಸೂಜಿ ಚುಚ್ಚಿ ಅದೇ ಔಷಧಿ ಹಾಕಿದರು. ಮೈ ತನ್ನನ್ನು ಕಾಯ್ದುಕೊಳ್ಳುವ ಶಕ್ತಿಯನ್ನು ಆ ಔಷಧಿ ತಗ್ಗಿಸುತ್ತದೆ ಎಂದು ಆಮೇಲೆ ತಿಳಿಯಿತು. ಒಳಗಿದ್ದದ್ದಕ್ಕೆ ಬಾಗಿಲು ತೆರೆದಿಟ್ಟ ಹಾಗಾಯಿತು. ಒಂದು ಗಂಟು ಇದ್ದದ್ದು ಮುಂಗೈ ದಾಟಿ ಮೊಣಕೈವರೆಗೆ ಸಾಲಾಗಿ ಐದಾಯಿತು.

"ಅಂಗಿ ತೋಳಿಗೆ ಗುಂಡಿ ಹಚ್ಚಿದ ಹಂಗೆ, ಸಮ ಅಂತರದಲ್ಲಿ. ನಾನೂ ಅಷ್ಟು ನೀಟಾಗಿ ಹಚ್ಚಿರಲಿಲ್ಲ" ಎನ್ನುತ್ತಾರೆ.

ಪ್ರತಿ ಚೀಟಿಯ ಮೇಲೂ ಹೆಸರು ಬರೆದಿದೆ, ವಯಸ್ಸು ಬರೆದಿದೆ, ಹೆಣ್ಣು ಎಂದು ಬರೆದಿದೆ. ಏನು ಕೆಲಸ ಎಂದು ಎಲ್ಲೂ ಇಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಕೋಟು ಹಾಕಿದವರ ಮೇಲೆ ಹೊರಿಸಲು ಪಾಚಿಯಕ್ಕ ಒಪ್ಪುವುದಿಲ್ಲ. ಮೂರನೇ ಸಲ ಹೋದಾಗಿನ ಡಾಕ್ಟರು ಕೇಳಿದ್ದರು. ಪೂರ್ತಿ ಕೇಳಲಿಲ್ಲ, ಅರ್ಧ ಕೇಳಿದ್ದರು. "ಮನೇಲೇ ಇರ್ತೀರಾ?" ಎಂದು.

"ಹೂಂ ಅಂದೆ."

ಯಾಕೆ?

ಕೇಳಿದ್ದಕ್ಕೆ ಮನೆಯ ಟಬ್ಬಿನಲ್ಲಿ ತೇಲುವ ಒಂದು ಎಲೆಯನ್ನು ಎಡಗೈಯಿಂದ ಒತ್ತುತ್ತಾರೆ, ಅದು ಮತ್ತೆ ತೇಲುತ್ತದೆ. "ಅವತ್ತು ಬೆಳಿಗ್ಗೆ ಆಸ್ಪತ್ರೆಯ ಅದೇ ಹಜಾರದಲ್ಲಿ ಏಳು ಬಕೆಟ್ ಹೊತ್ತು, ಕೈ ಒರೆಸ್ಕೊಂಡು, ಅದೇ ಕ್ಯೂನಲ್ಲಿ ನಿಂತಿದ್ದೆ ಅಮ್ಮಾ. ತೊಟ್ಟಿ ತೊಳೀತೀನಿ ಅಂದ್ರೆ 'ಇನ್ಮೇಲೆ ನೀರು ಮುಟ್ಟಬೇಡ' ಅಂದ್ಬಿಟ್ರೆ ಅಂತ ಭಯ. ಕೈಗೆ ಗಂಟಿರೋಳನ್ನ ಆಸ್ಪತ್ರೆ ತೊಟ್ಟಿಗೆ ಬಿಟ್ಟೋರು ಯಾರು ಅಂತ ಕೇಳಿದ್ರೆ ಅಂತ ಇನ್ನೊಂದು ಭಯ. ಹೂಂ ಅನ್ನೋದು ಸುಲಭ ಅಲ್ವಾ? ಆ ಒಂದು ಹೂಂಗೆ ಎಷ್ಟು ತೆತ್ತೆ ನೋಡಿ."

ಸತ್ಯ ಹೊರಬಿದ್ದದ್ದು ಆಮೇಲೆ ಎರಡು ತಿಂಗಳಿಗೆ, ಅದೂ ಒಂದು ಪೆನ್ನಿನಿಂದ. ಇನ್ನೂ ಕಲಿಯುತ್ತಿರುವ ಒಬ್ಬ ಎಳೆಯ ಡಾಕ್ಟರಮ್ಮ ಚೀಟಿ ಬರೆಯುತ್ತಿದ್ದಾಗ ಅವರ ಪೆನ್ನು ನಿಂತುಹೋಯಿತು. ಬೇರೆ ಪೆನ್ನು ತರಲು ಹೇಳಿ, ಬರುವ ತನಕ ಸುಮ್ಮನೆ ಕೂರಲಾರದೆ, "ಏನು ಕೆಲಸ ಮಾಡ್ತೀರಮ್ಮಾ?" ಎಂದರು. ಕೇಳಲೇಬೇಕೆಂದು ಕೇಳಿದ್ದಲ್ಲ, ಮಾತಿಗೆ ಮಾತು. ಅಷ್ಟರಲ್ಲಿ ಬೆರಳು ಮಡಚುವುದು ನಿಂತಿತ್ತು, ಸುಳ್ಳು ಹೇಳುವ ಹುರುಪೂ ಉಳಿದಿರಲಿಲ್ಲ. ಪಾಚಿಯಕ್ಕ ಬಾಗಿಲಾಚೆಗೆ ಆ ಬೆರಳನ್ನೇ ಚಾಚಿದರು. "ಅದೇ. ಆ ತೊಟ್ಟಿ ತೊಳೆಯೋದು."

ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತರಂತೆ.

ಮೀನಿನ ತೊಟ್ಟಿಯ ನೀರಲ್ಲಿ ಇರಬಹುದಾದ ಒಂದು ಕ್ರಿಮಿ. ಕ್ಷಯದ ಕ್ರಿಮಿಗೆ ದೂರದ ನೆಂಟ. ಮೈಯ ಬಿಸಿ ಅದಕ್ಕೆ ಒಗ್ಗದು, ತಣ್ಣಗಿರುವ ಕೈಬೆರಳೇ ಇಷ್ಟ. ಗೀರಿದ ಚರ್ಮದಿಂದ ಒಳಗೆ ಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬೇಗ ಗೊತ್ತಾದರೆ ಮಾತ್ರೆಯಿಂದ ಹೋಗುತ್ತದೆ. ಹೀಗೆಲ್ಲ ಆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೂರು ಬಗೆಯ ಮಾತ್ರೆ ಶುರುವಾಯಿತು, ಒಂದನ್ನು ನುಂಗಿದರೆ ಮೂತ್ರ ಕಿತ್ತಳೆ ಬಣ್ಣ. ಎರಡೂವರೆ ತಿಂಗಳಾಗಿದೆ. ತೋಳಿನ ಗುಂಡಿಗಳು ಒಂದೊಂದಾಗಿ ಕಳಚಿವೆ. ಬೆರಳಿನ ಗೆಣ್ಣು ಮಾತ್ರ ಹಾಗೆಯೇ ಇದೆ, ಕೀವು ನಿಲ್ಲುತ್ತಿಲ್ಲ.

ನೀರು ಮುಟ್ಟಬಾರದು ಎಂದು ಹೇಳಿದ್ದಾರೆ. ಗವಸು ಹಾಕಿ ಮುಟ್ಟುತ್ತಿದ್ದಾರೆ. ಅದು ಗೊತ್ತಾದಾಗ ಡಾಕ್ಟರಮ್ಮ ಬೈದರು. "ನೀವು ಬೈದ್ರೆ ಗಿಡ ನೆಟ್ಟಗಾಗುತ್ತಾ?" ಎಂದು ಈಕೆ ತಿರುಗಿ ಕೇಳಿದರಂತೆ.

ಗುರುವಾರ. ಎರಡನೇ ಮಹಡಿಯ ಕೋಣೆ. ಗೋಡೆಯ ಬೆಳಕಿನ ಹಲಗೆಗೆ ಸಿಕ್ಕಿಸಿದ ಎಕ್ಸ್‌ರೇಯಲ್ಲಿ ಐದು ಬೆರಳಿವೆ, ಒಂದರ ನಡುವೆ ಇಲಿ ಕಡಿದ ಹಾಗೆ ಕಪ್ಪು. ಸರ್ಜನ್ ಅದನ್ನು ಪೆನ್ನಿನ ತುದಿಯಿಂದ ತೋರಿಸುತ್ತಾರೆ. ಒರಟು ಮನುಷ್ಯರಲ್ಲ.

"ಔಷಧಿ ಕೆಲಸ ಮಾಡ್ತಿದೆ, ತೋಳು ಉಳಿದಿದೆ. ಆದ್ರೆ ಈ ಗೆಣ್ಣಿನ ಮೂಳೆ ಉಳಿದಿಲ್ಲ. ಹೀಗೇ ಬಿಟ್ರೆ ಅಂಗೈಗೆ ಇಳಿಯುತ್ತೆ. ಬುಡದಿಂದ ತೆಗೀಬೇಕು."

ಮೊದಲು ಮಾತಾಡುವುದು ದರ್ಜಿ. "ಸಾರ್, ಬುಡದ ಕಡೆ ಒಂದು ಗೆಣ್ಣಾದ್ರೂ ಬಿಡಕ್ಕಾಗಲ್ವಾ? ನಾವು ಹೊಲಿಯೋವಾಗ ಒಳಗೆ ಸ್ವಲ್ಪ ಅಂಚು ಬಿಡ್ತೀವಲ್ಲ, ಹಂಗೆ?"

"ಬಿಡೋ ಹಾಗಿದ್ರೆ ಬಿಡ್ತಿದ್ದೆ ಯಜಮಾನ್ರೇ. ಬಟ್ಟೆ ಗಟ್ಟಿ ಇದ್ರೆ ತಾನೇ ಅಂಚು?"

ದರ್ಜಿ ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ತೆಗೆದು ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ಮನೆಯಲ್ಲಿ ಅದನ್ನು ತೆಗೆದಿಡಲು ಮರೆತು ಹಾಗೇ ಬಂದಿದ್ದಾರೆ.

ಆಗ ಪಾಚಿಯಕ್ಕ ಗಂಡನ ಕಡೆ ತಿರುಗುತ್ತಾರೆ. ದನಿ ಟೀಚರಮ್ಮನ ಮನೆಯಲ್ಲಿ ದೀಪದ ಪಾಠ ಹೇಳಿದ ದನಿಯೇ. "ಬೆರಳು ಗಿಡ ಕೊಳೆತ್ರೆ ಏನು ಮಾಡ್ತೀನ್ರೀ ನಾನು? ಬ್ಲೇಡ್ ತಗೊಂಡು, ಒಳಗೆ ಹಸಿರು ಕಾಣೋವರೆಗೂ ಕತ್ತರಿಸ್ತೀನಿ. ಕನಿಕರ ಪಟ್ಟು ಅರ್ಧ ಬಿಟ್ರೆ ಮಿಕ್ಕಿದ್ದೂ ಹೋಗುತ್ತೆ. ನೀವೇ ಬ್ಲೇಡ್ ತಂದ್ಕೊಡ್ತಿದ್ರಲ್ಲ."

"ಅದು ಗಿಡ ಕಣೇ."

"ಹೂಂ, ಗಿಡ." ಆಮೇಲೆ ಸರ್ಜನ್‌ಗೆ, "ಗಂಟು ಹಾಕೋಕೆ ಎಷ್ಟು ಬೆರಳು ಬೇಕು ಸಾರ್?"

ಇಂಥ ಪ್ರಶ್ನೆ ಅವರಿಗೆ ಹೊಸದಿರಬೇಕು. ತಮ್ಮದೇ ಕೈ ನೋಡಿಕೊಂಡು, ಹೆಬ್ಬೆರಳನ್ನು ನಡುಬೆರಳಿಗೆ ತಾಗಿಸಿ ನೋಡಿ ಉತ್ತರ ಕೊಡುತ್ತಾರೆ. "ಎರಡು ಸಾಕು. ಮತ್ತೆ ಕಲೀಬೇಕು. ವರ್ಷ ಹಿಡಿಯುತ್ತೆ. ಅದೂ ನೀರಿನ ಹೊರಗೆ."

ಮುಂದಿನ ವಾರವೇ ಬೆರಳು ತೆಗೆದರು.

ಒಂದೂವರೆ ತಿಂಗಳ ಮೇಲೆ, ಮತ್ತೆ ಅದೇ ಹಜಾರದಲ್ಲಿ ಬೆಳಗಿನ ಐದೂವರೆ. ಅದೇ ಟ್ಯೂಬ್‌ಲೈಟು. ಈಗ ತೊಟ್ಟಿಯ ಮುಂದೆ ಮಂಡಿಯೂರಿರುವುದು ದರ್ಜಿ. ಭುಜದವರೆಗೆ ಬರುವ ಗವಸು ಎಲ್ಲೂ ಸಿಗದೆ ಮಳೆಗಾಲದ ಕೋಟಿನ ಬಟ್ಟೆ ಕತ್ತರಿಸಿ ತಾವೇ ಎರಡು ಹೊಲಿದುಕೊಂಡಿದ್ದಾರೆ, ಹೊಲಿಗೆಯ ಮೇಲೆ ಅಂಟು ಹಚ್ಚಿ. ಪಾಚಿಯಕ್ಕ ಪಕ್ಕದ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದಾರೆ. ಬಲಗೈಯನ್ನು ಮಡಿಲಲ್ಲಿ ಎಡಗೈಯ ಕೆಳಗೆ ಇಟ್ಟುಕೊಂಡಿದ್ದಾರೆ. ಇಲ್ಲದ ಬೆರಳಿನ ತುದಿ ಬೆಳಗಿನ ಜಾವ ಕಡಿಯುತ್ತದೆಯಂತೆ. ತುರಿಸಲು ಹೋದರೆ ಏನೂ ಸಿಗುವುದಿಲ್ಲ.

ಒಂಬತ್ತು ತೊಟ್ಟಿಗಳಲ್ಲಿ ಉಳಿದಿರುವುದು ನಾಲ್ಕು. ದರ್ಜಿಗೆ ಹೊಲಿಗೆಯ ನಡುವೆ ಅಷ್ಟೇ ಆಗುತ್ತದೆ. ಅವರು ಬೆಳಿಗ್ಗೆ ಹೊರಬಿದ್ದರೆ ಮಿಷನ್ನಿನ ದೀಪ ಉರಿಯುವುದಿಲ್ಲ, ಮನೆಯ ಟಬ್ಬುಗಳಲ್ಲಿ ಹಗಲು ಐದು ಗಂಟೆಗೆ ಇಳಿದಿದೆ. ಎರಡು ಟಬ್ಬು ಖಾಲಿಯಾಗಿವೆ.

ಈ ತೊಟ್ಟಿಯನ್ನು ಮಾತ್ರ ಬಿಡುವುದಿಲ್ಲ ಎನ್ನುತ್ತಾರೆ ಪಾಚಿಯಕ್ಕ. ಕಾರಣ ಅವರು ಇದುವರೆಗೆ ಹೇಳಿರಲಿಲ್ಲ. "ಮೊದಲು ಇಲ್ಲಿ ತೊಟ್ಟಿ ಇರಲಿಲ್ಲ. ಚರ್ಮದ ಕಾಯಿಲೆಯೋರು ಎದುರಾಬದುರಾ ಕೂತಿರ್ತಿದ್ರು. ಒಬ್ಬರ ಕೈ ಇನ್ನೊಬ್ಬರು ನೋಡೋದು, ನೋಡ್ತಾರೆ ಅಂತ ಇವರು ಮುಚ್ಕೊಳ್ಳೋದು. ತೊಟ್ಟಿ ಬಂದ ಮೇಲೆ ಎಲ್ಲರೂ ಈ ಕಡೆ ತಿರುಗಿ ಕೂರ್ತಾರೆ. ನಾನೂ ಕ್ಯೂನಲ್ಲಿ ಕೂತಾಗ ಇದನ್ನೇ ನೋಡ್ತಿದ್ದೆ. ನಾನೇ ಕಟ್ಟಿದ ಗಿಡ. ಚೆನ್ನಾಗಿ ಕಟ್ಟಿದೀನಿ ಅನ್ನಿಸ್ತಿತ್ತು."

ದರ್ಜಿ ಹೊಸ ಬೆರಳು ಗಿಡವೊಂದನ್ನು ಹಿಡಿದು ತಳದಲ್ಲಿ ಏನೋ ಮಾಡುತ್ತಿದ್ದಾರೆ. ಗಂಟು ಜಾರುತ್ತಿರಬೇಕು. ತಾಳ್ಮೆ ಕೆಟ್ಟು ಮೆಲ್ಲಗೆ ಜಲ್ಲಿ ಸರಿಸಿ ಅದನ್ನು ಒಳಗೆ ತೂರಿಸುತ್ತಾರೆ.

"ಕಾಣಿಸ್ತು" ಎನ್ನುತ್ತಾರೆ ಪಾಚಿಯಕ್ಕ. "ಬೆರಳು ಹೂಳ್ಬೇಡ್ರೀ."

"ಒಂದು ವಾರ ಇರ್ಲಿ ಕಣೇ, ಆಮೇಲೆ ಕಟ್ತೀನಿ."

"ವಾರಕ್ಕೆ ಕೊಳೆಯುತ್ತೆ. ತೆಗೀರಿ." ದರ್ಜಿ ಗೊಣಗುತ್ತ ಅದನ್ನು ಮೇಲೆತ್ತಿ, ಕಲ್ಲಿಗೆ ಒತ್ತಿ ಹಿಡಿದು ಮತ್ತೆ ದಾರ ಸುತ್ತುತ್ತಾರೆ. ನೋಡುತ್ತ ಕೂತ ಪಾಚಿಯಕ್ಕ ಇದ್ದಕ್ಕಿದ್ದಂತೆ, "ನಂದನ್ನ ಎಲ್ಲಿ ಹಾಕಿದ್ರೋ. ಹದಿನಾರು ವರ್ಷ ಊರಿಗೆಲ್ಲ ಹೂಳ್ಬೇಡಿ ಅಂದೋಳು, ನಂದನ್ನ ಹೂತ್ರೋ ಸುಟ್ರೋ ಕೇಳೋದೇ ಮರೆತೆ" ಎನ್ನುತ್ತಾರೆ.

ದರ್ಜಿಯ ಕೈ ನೀರಿನೊಳಗೇ ನಿಲ್ಲುತ್ತದೆ. ಆಮೇಲೆ ಮತ್ತೆ ಸುತ್ತತೊಡಗುತ್ತದೆ.

ಏನು ಆಸೆ ನಿಮಗೆ ಎಂದು ಕೇಳಿದರೆ ಪಾಚಿಯಕ್ಕ ಚೀಟಿ ಕೌಂಟರಿನ ಕಡೆ ಗಲ್ಲ ಎತ್ತುತ್ತಾರೆ. ತೋರಿಸಲು ಈಗ ಗಲ್ಲವೇ ಗತಿ. "ಆ ಚೀಟೀಲಿ ಹೆಸರು ಇದೆ, ವಯಸ್ಸು ಇದೆ. ಕೆಲಸ ಏನು ಅಂತ ಒಂದು ಗೆರೆ ಹಾಕಿಸಿದ್ರೆ ಸಾಕು. ನನಗಿನ್ನೇನೂ ಬೇಡ."

"ಕಾಲಂ ಇಲ್ಲಕ್ಕ" ಎನ್ನುತ್ತಾರೆ ಒಳಗಿನಿಂದ ಗುಮಾಸ್ತರು. ಈ ಮಾತು ಅವರು ಮೊದಲೂ ಹೇಳಿದ್ದಾರೆ. "ಅಚ್ಚು ಹಾಕಿ ಬರೋದು ಮೇಲಿಂದ. ಇರೋ ಗೆರೆ ತುಂಬೋದಷ್ಟೇ ನನ್ನ ಕೆಲಸ." ಆ ಎಳೆಯ ಡಾಕ್ಟರಮ್ಮ ತಾವು ನೋಡುವ ಚೀಟಿಗಳ ಮೇಲೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ಹೋದ ತಿಂಗಳು ಅವರಿಗೆ ಬೇರೆ ಊರಿಗೆ ವರ್ಗವಾಗಿದೆ.

ಏಳು ಗಂಟೆ. ದರ್ಜಿ ಕೈ ತೆಗೆದು, ಒರೆಸಿಕೊಂಡು, ಪ್ಲಗ್ ಸಿಕ್ಕಿಸುತ್ತಾರೆ. ತೊಟ್ಟಿಯೊಳಗೆ ಹಗಲಾಗುತ್ತದೆ. ಕಲ್ಲಿನ ಮೇಲೆ ಬೆರಳು ಗಿಡ ಸ್ವಲ್ಪ ವಾರೆಯಾಗಿ, ಆದರೆ ಬಿಗಿಯಾಗಿ ಕೂತಿದೆ.

ಮೊದಲ ರೋಗಿ ಬರುತ್ತಾರೆ. ಐವತ್ತರ ಆಸುಪಾಸಿನ ಹೆಂಗಸು, ಎರಡೂ ಅಂಗೈಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಿದ್ದಾರೆ. ಹೆಸರು ಹೇಳುತ್ತಾರೆ, ವಯಸ್ಸು ಹೇಳುತ್ತಾರೆ. ಚೀಟಿ ತೆಗೆದುಕೊಂಡು ಬಂದು ಒಂದು ಕುರ್ಚಿ ಬಿಟ್ಟು ಆಚೆಗೆ ಕೂತು, ತೊಟ್ಟಿಯ ಕಡೆ ತಿರುಗುತ್ತಾರೆ.

"ಏನು ಕೆಲಸ ಮಾಡ್ತೀರಕ್ಕ?" ಎಂದು ಪಾಚಿಯಕ್ಕ ಕೇಳುತ್ತಾರೆ.

ಆ ಹೆಂಗಸು ಬೆಚ್ಚಿ ನೋಡುತ್ತಾರೆ. ಕೇಳಿದವರ ಕೋಟು ಹುಡುಕುತ್ತಾರೆ, ಕಾಣುವುದಿಲ್ಲ. "ನಾನಾ? ಏನಿಲ್ಲ. ಮನೇಲೇ ಇರ್ತೀನಿ."

ಪಾಚಿಯಕ್ಕ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಬಲಗೈಯನ್ನು ಎಡಗೈಯ ಕೆಳಗಿಂದ ತೆಗೆದು, ಕಾಣುವ ಹಾಗೆ ಮಂಡಿಯ ಮೇಲಿಡುತ್ತಾರೆ.

"ಮನೇಲಿ ಏನು ಮಾಡ್ತೀರಿ?"